250 ಡಾಲರ್ ಸಂಬಳದ ಕೋಚ್

1974ರ ಡಿಸೆಂಬರ್ 7. ಅಮೆರಿಕದ ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಅಂದು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ. ನೋಡಲು ಬಂದವರು 53 ಜನ. ಎದುರಾಳಿ ಮರ್ಸರ್ ವಿಶ್ವವಿದ್ಯಾಲಯ 84 ಅಂಕ ಗಳಿಸಿತು, ಟೆನೆಸ್ಸಿ 83. ಸೋತ ತಂಡದ ಕೋಚ್‌ಗೆ ಆಗ 22 ವರ್ಷ. ಅಂಕಣದಲ್ಲಿದ್ದ ಆಟಗಾರ್ತಿಯರಲ್ಲಿ ಕೆಲವರು ಆಕೆಗಿಂತ ಒಂದೇ ವರ್ಷ ಚಿಕ್ಕವರು. ಅದಕ್ಕೂ ಮುಂಚೆ ಆಕೆ ಯಾವ ತಂಡಕ್ಕೂ ಕೋಚ್ ಆಗಿದ್ದವರಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ಕೆಲಸದಲ್ಲಿ 38 ವರ್ಷ ನಿಂತು 2012ರಲ್ಲಿ ಬಿಟ್ಟಾಗ ಅವರ ಲೆಕ್ಕದಲ್ಲಿ 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಪ್ರಶಸ್ತಿಗಳಿದ್ದವು. ಹೆಸರು ಪ್ಯಾಟ್ ಸಮಿಟ್.

ಈ ಕತೆ ಕೊಡಗಿನ ಬಾಳೆಲೆಯವರಿಗೆ ಯಾಕೆ ಎಂದು ಯಾರಾದರೂ ಕೇಳಬಹುದು. ಕೊಡಗಿನಲ್ಲಿ ಆಟಗಾರರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಯಾವ ಮನೆತನದ ಹುಡುಗ ಯಾವ ವರ್ಷ ಯಾವ ಪಂದ್ಯದಲ್ಲಿ ಗೋಲು ಹೊಡೆದ ಎಂಬುದು ನಮಗೆ ಬಾಯಿಪಾಠ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳೂ ಮನೆತನದ ಜೆರ್ಸಿ ತೊಟ್ಟು ಅಣ್ಣತಮ್ಮಂದಿರ ಜೊತೆ ಮೈದಾನಕ್ಕಿಳಿಯುತ್ತಾರೆ. ಆದರೆ ಕೋಚ್ ಬಗ್ಗೆ ನಮ್ಮ ಮಾತು ಕಡಿಮೆ. ಕಾಲೇಜಿನಲ್ಲಿ ಹುಡುಗಿಯರ ತಂಡ ಕಟ್ಟುವ ದೈಹಿಕ ಶಿಕ್ಷಣ ನಿರ್ದೇಶಕರ (ಪಿ.ಡಿ.) ಬಗ್ಗೆ ಇನ್ನೂ ಕಡಿಮೆ. ಆ ಕೆಲಸದಲ್ಲೇ ಒಂದು ಆಯುಷ್ಯ ಕಳೆದವರ ಕತೆ ಇದು.

ಹುಟ್ಟಿದ್ದು 1952ರ ಜೂನ್ 14ರಂದು, ಟೆನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ. ಐವರು ಮಕ್ಕಳಲ್ಲಿ ನಾಲ್ಕನೆಯವಳು. ಮೇಲೆ ಮೂವರು ಅಣ್ಣಂದಿರು, ಕೆಳಗೆ ಒಬ್ಬಳು ತಂಗಿ. ಅಪ್ಪ ರಿಚರ್ಡ್ ಹೆಡ್‌ಗೆ ಹೊಗೆಸೊಪ್ಪಿನ ಹೊಲ, ಹಾಲಿನ ಹಸುಗಳು. ಬೆಳಗಾದರೆ ಹಾಲು ಕರೆಯುವುದು, ಬೇಸಿಗೆಯಲ್ಲಿ ಹೊಗೆಸೊಪ್ಪಿನ ಕೆಲಸ, ಹುಲ್ಲು ಕಟ್ಟುವುದು. ಹೆಣ್ಣುಮಗಳು ಎಂದು ಅಪ್ಪ ಕೆಲಸದಲ್ಲಿ ಒಂದಿಷ್ಟೂ ರಿಯಾಯಿತಿ ಕೊಡುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಹುಲ್ಲಟ್ಟದಲ್ಲಿ ಅಪ್ಪ ಹಾಕಿಕೊಟ್ಟ ಬಾಸ್ಕೆಟ್‌ಗೆ ಚೆಂಡೆಸೆಯುವ ಆಟ. ನಮ್ಮಲ್ಲಿ ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ ಮಕ್ಕಳ ಮೈದಾನವಾಗುವ ಹಾಗೆ, ಅವರಿಗೆ ಆ ಅಟ್ಟ. ಇಬ್ಬರಿಬ್ಬರ ತಂಡ ಮಾಡಲು ನಾಲ್ಕನೆಯವರು ಬೇಕಿದ್ದರು, ಹಾಗಾಗಿ ತಂಗಿಯನ್ನು ಸೇರಿಸಿಕೊಂಡರು. ಅಣ್ಣಂದಿರ ಮೊಣಕೈ ಏಟು ತಿಂದು ಕಲಿತ ಆಟ ಅದು.

ಹೈಸ್ಕೂಲಿಗೆ ಬರುವ ಹೊತ್ತಿಗೆ ತೊಡಕು ಎದುರಾಯಿತು. ಅವರಿದ್ದ ಕಡೆಯ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ಪಕ್ಕದ ಚೀಟಮ್ ಕೌಂಟಿಯ ಶಾಲೆಯಲ್ಲಿತ್ತು. ಅಪ್ಪ ಹೆಚ್ಚು ಮಾತಿನವರಲ್ಲ, ಮಗಳನ್ನು ಅಪ್ಪಿ ಹೊಗಳಿದವರೂ ಅಲ್ಲ. ಆದರೆ ಮಗಳು ಆಡಬೇಕೆಂದು ಇಡೀ ಸಂಸಾರವನ್ನೇ ಗಡಿ ದಾಟಿಸಿ ಹೆನ್ರಿಯೆಟ್ಟಾ ಎಂಬ ಹಳ್ಳಿಗೆ ಮನೆ ಬದಲಿಸಿದರು. ಪ್ಯಾಟ್ ಸಮಿಟ್ ಬದುಕಿನಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಪ್ರಶಸ್ತಿಗಳಿಗಿಂತ ಈ ಮನೆ ಬದಲಾವಣೆ. ನಾಗರಹೊಳೆ ಕಾಡಿನ ಅಂಚಿನ ಊರುಗಳಲ್ಲಿ ಮಗಳ ಆಟಕ್ಕೆ ಅಡ್ಡಿಯಾಗುವುದು ಪ್ರತಿಭೆಯ ಕೊರತೆ ಅಲ್ಲ. ಸಂಜೆ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಬಸ್ ಇರುವುದಿಲ್ಲ. ಬಸ್ ಇಳಿದು ತೋಟದ ದಾರಿಯಲ್ಲಿ ನಡೆಯಬೇಕೆಂದರೆ ಕಾಡಾನೆಯ ಭಯ. ಹೀಗಾಗಿ ಆಡುವ ಹುಡುಗಿ ಹಾಸ್ಟೆಲ್ ಹುಡುಕಿಕೊಂಡು ಪೊನ್ನಂಪೇಟೆಗೋ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾಳೆ, ಇಲ್ಲವೇ ಆಟ ಬಿಡುತ್ತಾಳೆ. ದೂರದ ಟೆನೆಸ್ಸಿಯಲ್ಲೂ ಅರವತ್ತರ ದಶಕದಲ್ಲಿ ಆಟ ನಿಂತಿದ್ದದ್ದು ಇಂಥದೇ ಪ್ರಶ್ನೆಯ ಮೇಲೆ: ಮಗಳನ್ನು ಅಂಕಣದವರೆಗೆ ತಲುಪಿಸುವವರು ಯಾರು?

ಆಗ ಹುಡುಗಿಯರು ಆಡುತ್ತಿದ್ದ ಬ್ಯಾಸ್ಕೆಟ್‌ಬಾಲ್ ಹುಡುಗರದ್ದಕ್ಕಿಂತ ಬೇರೆ. ಯಾಕೆಂದು ತಿಳಿಯಲು ಸುಮಾರು ಮುಕ್ಕಾಲು ಶತಮಾನ ಹಿಂದಕ್ಕೆ ಹೋಗಬೇಕು. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ರೂಪಿಸಿದರು. ಮರುವರ್ಷವೇ ಅಲ್ಲಿಗೆ ಹತ್ತಿರದ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದರ ಬಗ್ಗೆ ಓದಿ ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಲಿಥುವೇನಿಯಾದಿಂದ ವಲಸೆ ಬಂದ ಮನೆಯ ಹೆಣ್ಣುಮಗಳು. 1893ರ ಮಾರ್ಚ್‌ನಲ್ಲಿ ಸ್ಮಿತ್ ಕಾಲೇಜಿನ ಎರಡು ತರಗತಿಗಳ ನಡುವೆ ನಡೆದ ಪಂದ್ಯಕ್ಕೆ ಗಂಡಸರಿಗೆ ಪ್ರವೇಶ ಇರಲಿಲ್ಲ. ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಶುರುವಾದದ್ದು ಅಲ್ಲಿ, ಮತ್ತು ಅದರ ಮೊದಲ ಕೋಚ್ ಆಕೆಯೇ. ಹುಡುಗಿಯರು ಓಡಿ ಸುಸ್ತಾದಾರು, ಮೈಮೇಲೆ ಬಿದ್ದಾರು ಎಂಬ ಅಂದಿನ ಆತಂಕಕ್ಕೆ ತಕ್ಕಂತೆ ಬೆರೆನ್ಸನ್ ನಿಯಮ ಬದಲಿಸಿದರು: ಅಂಕಣವನ್ನು ಮೂರು ಭಾಗ ಮಾಡಿದರು, ಒಬ್ಬೊಬ್ಬರೂ ತಮ್ಮ ಭಾಗದಲ್ಲೇ ಇರಬೇಕು, ಎದುರಾಳಿಯ ಕೈಯಿಂದ ಚೆಂಡು ಕಸಿಯಬಾರದು, ಮೂರು ಸಲಕ್ಕಿಂತ ಹೆಚ್ಚು ಡ್ರಿಬಲ್ ಮಾಡಬಾರದು.

ಆ ನಿಯಮದ ಪಳೆಯುಳಿಕೆ ಪ್ಯಾಟ್ ಆಡಿದ ಟೆನೆಸ್ಸಿಯಲ್ಲಿ 1970ರ ದಶಕದ ಕೊನೆಯವರೆಗೂ ಬದುಕಿತ್ತು. ತಂಡಕ್ಕೆ ಆರು ಜನ. ಮೂವರು ಒಂದು ಅರ್ಧದಲ್ಲಿ ಬರೀ ಶೂಟ್ ಮಾಡುವವರು, ಮೂವರು ಇನ್ನೊಂದು ಅರ್ಧದಲ್ಲಿ ಬರೀ ತಡೆಯುವವರು. ನಡುಗೆರೆ ದಾಟುವಂತಿಲ್ಲ. ತಡೆಯುವ ಹುಡುಗಿ ಶಾಲೆ ಮುಗಿಸುವವರೆಗೂ ಪಂದ್ಯದಲ್ಲಿ ಒಮ್ಮೆಯೂ ಬಾಸ್ಕೆಟ್ ಹಾಕದೇ ಹೋಗಬಹುದಿತ್ತು. ಕಾಲೇಜುಗಳಲ್ಲಿ ಐವರ ಪೂರ್ಣ ಅಂಕಣದ ಆಟ ಬಂದ ಮೇಲೆ ಇಂಥ ಹುಡುಗಿಯರಿಗೆ ವಿದ್ಯಾರ್ಥಿವೇತನ ಸಿಗುವುದು ಕಷ್ಟವಾಯಿತು, ಅರ್ಧ ಆಟ ಅವರಿಗೆ ಗೊತ್ತೇ ಇರಲಿಲ್ಲವಲ್ಲ. ಪ್ಯಾಟ್ ಕೋಚ್ ಆದ ಮೇಲೆ ಪಟ್ಟು ಹಿಡಿದರು: ಶಾಲೆಗಳು ಆಟ ಬದಲಿಸದಿದ್ದರೆ ನಮ್ಮ ರಾಜ್ಯದ ಹುಡುಗಿಯರನ್ನು ನಾನು ತಂಡಕ್ಕೆ ತೆಗೆದುಕೊಳ್ಳಲಾರೆ. ತವರಿನವರೇ ಸಿಟ್ಟಾಗುವ ಮಾತು ಅದು. 1979-80ರ ಹೊತ್ತಿಗೆ ಟೆನೆಸ್ಸಿಯ ಶಾಲೆಗಳು ಐವರ ಆಟಕ್ಕೆ ಬಂದವು. 8 ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಗೆಲುವು ಕಾಣುವುದಿಲ್ಲ, ಆದರೆ ಇದರ ಫಲ ಉಂಡವರು ಆಕೆಯ ತಂಡದವರಷ್ಟೇ ಅಲ್ಲ, ರಾಜ್ಯದ ಪ್ರತಿ ಶಾಲೆಯ ಹುಡುಗಿಯರು.

ನಮ್ಮ ಕಡೆಗೆ ಈ ಆಟ ಬಂದದ್ದೂ ವೈಎಂಸಿಎ ದಾರಿಯಲ್ಲೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದರು. ಅಲ್ಲಿ ಕಲಿತ ಡ್ರಿಲ್ ಮಾಸ್ತರರು ದಕ್ಷಿಣ ಭಾರತದ ಶಾಲೆ ಕಾಲೇಜುಗಳಿಗೆ ಹೊಸ ಹೊಸ ಆಟ ಒಯ್ದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್, 1950ರಲ್ಲಿ ರಾಷ್ಟ್ರೀಯ ಫೆಡರೇಷನ್. ಕೊಡಗಿನಲ್ಲಿ ಮಾತ್ರ ಹಾಕಿ ಎದುರು ಬ್ಯಾಸ್ಕೆಟ್‌ಬಾಲ್ ಯಾವತ್ತೂ ಎರಡನೆಯ ಮನೆಯ ಮಗು.

ಪ್ಯಾಟ್ ಓದಿದ್ದು ಟೆನೆಸ್ಸಿ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪಸ್‌ನಲ್ಲಿ. ಅಣ್ಣಂದಿರು ಕ್ರೀಡಾ ವಿದ್ಯಾರ್ಥಿವೇತನದಲ್ಲಿ ಕಾಲೇಜಿಗೆ ಹೋದರು. ತಂಗಿಗೆ ಆ ಸೌಲಭ್ಯ ಇರಲಿಲ್ಲ, ಅಪ್ಪ ಅಮ್ಮನೇ ಫೀಸು ಕಟ್ಟಿದರು. 1974ರ ಆರಂಭದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅದೇ ವರ್ಷ ನಾಕ್ಸ್‌ವಿಲ್‌ನಲ್ಲಿ ಸ್ನಾತಕೋತ್ತರ ಓದುತ್ತಾ ಸಹಾಯಕಿಯಾಗಿರಲು ಕರೆ ಬಂತು. ಅಷ್ಟರಲ್ಲಿ ಮುಖ್ಯ ಕೋಚ್ ಅಧ್ಯಯನ ರಜೆಯ ಮೇಲೆ ಹೋದ್ದರಿಂದ ಇಡೀ ತಂಡ ಈ ಹುಡುಗಿಯ ಹೆಗಲಿಗೆ ಬಿತ್ತು. ತಿಂಗಳಿಗೆ 250 ಡಾಲರ್. ತಂಡದ ಸಮವಸ್ತ್ರ ಹಿಂದಿನ ವರ್ಷ ಡೋನಟ್ ಮಾರಿ ಕೂಡಿಸಿದ ದುಡ್ಡಿನದು. ಕೋಚ್ ಆದವರೇ ಬೇರೆ ಊರಿನ ಪಂದ್ಯಕ್ಕೆ ವ್ಯಾನ್ ಓಡಿಸಬೇಕು, ವಾಪಸು ಬಂದು ಜೆರ್ಸಿ ಒಗೆಯಬೇಕು. ಒಮ್ಮೆ ಎದುರಾಳಿ ಕಾಲೇಜಿನ ಜಿಮ್ಮಿನ ನೆಲದ ಮೇಲೆಯೇ ತಂಡವೆಲ್ಲ ಮಲಗಿ ರಾತ್ರಿ ಕಳೆಯಿತು. ಬೆಳಿಗ್ಗೆ ತನ್ನ ಕ್ಲಾಸು, ಮಧ್ಯಾಹ್ನ ಬೇರೆಯವರಿಗೆ ಪಾಠ, ಸಂಜೆ ತಂಡ, ಅದಾದ ಮೇಲೆ ಗಾಯಗೊಂಡ ಮೊಣಕಾಲಿನ ವ್ಯಾಯಾಮ. ಆಟಗಾರ್ತಿಯಾಗಿ ಒಲಿಂಪಿಕ್ಸ್‌ಗೆ ಹೋಗುವ ಆಸೆ ಇನ್ನೂ ಬಿಟ್ಟಿರಲಿಲ್ಲ. ಆ ಮೊದಲ ಋತುವಿನಲ್ಲಿ 16 ಗೆಲುವು, 8 ಸೋಲು.

1976ರ ಮಾಂಟ್ರಿಯಲ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಒಲಿಂಪಿಕ್ಸ್ ಸೇರಿದಾಗ 24ರ ಪ್ಯಾಟ್ ಅಮೆರಿಕ ತಂಡದ ಸಹನಾಯಕಿ. ಸೋವಿಯತ್ ಒಕ್ಕೂಟಕ್ಕೆ ಚಿನ್ನ, ಅಮೆರಿಕಕ್ಕೆ ಬೆಳ್ಳಿ. ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಿಂದಲೇ ಅಲ್ಲಿತ್ತು. ಒಲಿಂಪಿಕ್ಸ್‌ನಲ್ಲಿ ಹಾಕಿಯ ಚರಿತ್ರೆಯೂ ಅಷ್ಟೇ: ಗಂಡಸರದು 1908ರಲ್ಲಿ, ಹೆಂಗಸರದು 1980ರ ಮಾಸ್ಕೋದಲ್ಲಿ. ಅಲ್ಲಿ ಭಾರತದ ಹುಡುಗಿಯರು ನಾಲ್ಕನೆಯ ಸ್ಥಾನ ಪಡೆದರು.

ಪ್ಯಾಟ್ ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು, 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಒಂದು ಶಿಕ್ಷಣ ಕಾನೂನಿಗೆ ಸಹಿ ಹಾಕಿದ್ದರು. ಅದರ 'ಟೈಟಲ್ ನೈನ್' ಎಂಬ ಭಾಗ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದಿತು. ಅದರಲ್ಲಿ ಆಟ ಎಂಬ ಮಾತೇ ಇರಲಿಲ್ಲ. ಆದರೂ ಆ ಒಂದು ವಾಕ್ಯವೇ ಕಾಲೇಜುಗಳನ್ನು ಹುಡುಗಿಯರಿಗೆ ಕೋಚ್, ಅಂಕಣದ ಸಮಯ, ವಿದ್ಯಾರ್ಥಿವೇತನ ಕೊಡುವಂತೆ ಮಾಡಿತು. 1971-72ರಲ್ಲಿ ಅಮೆರಿಕದ ಹೈಸ್ಕೂಲು ತಂಡಗಳಲ್ಲಿದ್ದ ಹುಡುಗಿಯರು 3 ಲಕ್ಷಕ್ಕೂ ಕಡಿಮೆ. 2018-19ರಲ್ಲಿ ಸುಮಾರು 34 ಲಕ್ಷ. ಸಮಿಟ್ ಅವರನ್ನು ಒಂಟಿ ಸಾಹಸಿ ಎಂದು ಕೊಂಡಾಡುವವರು ಈ ಕಾನೂನನ್ನು ಮರೆಯುತ್ತಾರೆ. ಕಾನೂನನ್ನಷ್ಟೇ ಹೊಗಳುವವರು ವ್ಯಾನ್ ಓಡಿಸಿದವರನ್ನು ಮರೆಯುತ್ತಾರೆ. ಕಾನೂನು ಬಾಗಿಲು ತೆರೆದಾಗ ಒಳಗೆ ದುಡಿಯಲು ಒಬ್ಬರು ಆಗಲೇ ತಯಾರಾಗಿ ನಿಂತಿದ್ದರು, ಅದಕ್ಕೇ ಟೆನೆಸ್ಸಿಯ ಕತೆ ಬೇರೆಯಾಯಿತು.

1984ರ ಲಾಸ್ ಏಂಜಲೀಸ್‌ನಲ್ಲಿ ಅವರು ಅಮೆರಿಕ ತಂಡದ ಕೋಚ್. ಸೋವಿಯತ್ ತಂಡ ಬಂದಿರಲಿಲ್ಲ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 85-55ರಿಂದ ಸೋಲಿಸಿ ಚಿನ್ನ. ಆದರೆ ತವರಿನ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ಇನ್ನೂ ಸಿಕ್ಕಿರಲಿಲ್ಲ. ವರ್ಷ ವರ್ಷವೂ ಕೊನೆಯ ಹಂತಕ್ಕೆ ಬಂದು ಮುಗ್ಗರಿಸುವ ತಂಡ ಎಂಬ ಹೆಸರು ಅಂಟಿಕೊಂಡಿತ್ತು. 1987ರಲ್ಲಿ, ಹದಿಮೂರನೆಯ ಋತುವಿನಲ್ಲಿ, ಲೂಯಿಸಿಯಾನ ಟೆಕ್ ವಿರುದ್ಧ 67-44ರ ಗೆಲುವಿನೊಡನೆ ಮೊದಲ ಪ್ರಶಸ್ತಿ ಬಂತು. ನಮ್ಮಲ್ಲಿ ಎರಡು ವರ್ಷ ಫಲಿತಾಂಶ ಬಾರದಿದ್ದರೆ ಕೋಚ್ ಬದಲಿಸು ಎನ್ನುವ ಆಡಳಿತ ಮಂಡಳಿಗಳಿವೆ.

ಅವರ ತಂಡದಲ್ಲಿ ಆಟಕ್ಕಿಂತ ಮೊದಲು ಕ್ಲಾಸು. ಕ್ಲಾಸು ತಪ್ಪಿಸಿದರೆ ಪಂದ್ಯ ಇಲ್ಲ. ಅದಕ್ಕೆ ತಾರೆ, ಹೊಸಬಳು ಎಂಬ ಭೇದ ಇಲ್ಲ. ತರಗತಿಯಲ್ಲಿ ಮುಂದಿನ ಬೆಂಚುಗಳಲ್ಲೇ ಕೂರಬೇಕು. 38 ವರ್ಷಗಳಲ್ಲಿ ತಮ್ಮ ಆಟದ ಅವಧಿಯನ್ನು ಟೆನೆಸ್ಸಿಯಲ್ಲಿ ಪೂರೈಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. 1,098 ಗೆಲುವುಗಳಿಗಿಂತ ದೊಡ್ಡ ಅಂಕ ಇದೇ ಎಂದು ನಾನು ನಂಬುತ್ತೇನೆ. ಕ್ರೀಡಾ ಕೋಟಾದಲ್ಲಿ ಸೀಟು ಕೊಟ್ಟು, ಮೂರು ವರ್ಷ ಆಡಿಸಿ, ಹಾಜರಾತಿ ಕಡಿಮೆಯಾಯಿತೆಂದು ಪರೀಕ್ಷೆಯ ಹೊತ್ತಿಗೆ ಕೈಬಿಟ್ಟ ಹುಡುಗಿಯರನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಇಷ್ಟೆಂದ ಮಾತ್ರಕ್ಕೆ ಅವರದೆಲ್ಲ ಸರಿ ಎಂದಲ್ಲ. ತಂಡ ನಿಯಮ ಮೀರಿ ತಡರಾತ್ರಿ ಪಾರ್ಟಿ ಮಾಡಿದ್ದು ಗೊತ್ತಾದಾಗ ಅಂಕಣದ ನಾಲ್ಕು ಮೂಲೆಯಲ್ಲಿ ಕಸದ ಡಬ್ಬಿ ಇರಿಸಿ, ವಾಂತಿಯಾಗುವವರೆಗೂ ಓಡಿಸಿದರು. ಅವರ ನೀಲಿ ಕಣ್ಣಿನ ದುರುಗುಟ್ಟುವ ನೋಟಕ್ಕೆ ಎದೆ ನಡುಗುತ್ತಿತ್ತು ಎಂದು ಆಟಗಾರ್ತಿಯರೇ ಹೇಳಿದ್ದಾರೆ. ಅಪ್ಪನ ಹೊಲದಿಂದ ಬಂದ ಈ ಗಡಸುತನವನ್ನು ಶಿಸ್ತು ಎಂದು ಒಪ್ಪಲು ನನಗೆ ಮನಸ್ಸಾಗದು. ಅವರೂ ವಯಸ್ಸಾದಂತೆ ಮೆತ್ತಗಾದರು. ಅದೇ ಕಟ್ಟುನಿಟ್ಟಿನ ಇನ್ನೊಂದು ಮುಖ ತಮಿಕಾ ಕ್ಯಾಚಿಂಗ್ಸ್ ವಿಷಯದಲ್ಲಿ ಕಾಣುತ್ತದೆ. ಹುಟ್ಟಿನಿಂದಲೇ ಕಿವಿ ಮಂದವಿದ್ದ ಆ ಹುಡುಗಿ ಚಿಕ್ಕವಳಿದ್ದಾಗ ಸಹಪಾಠಿಗಳ ಗೇಲಿಗೆ ಬೇಸತ್ತು ಶ್ರವಣ ಸಾಧನ ಎಸೆದುಬಿಟ್ಟಿದ್ದಳು. ಕಾಲೇಜಿಗೆ ಬಂದಾಗ ಪ್ಯಾಟ್ ಆಕೆಯನ್ನು ಕೂರಿಸಿಕೊಂಡು, ಮತ್ತೆ ಹಾಕಿಕೊಳ್ಳಲು ಒಪ್ಪಿಸಿದರು. ತಮಿಕಾ ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು.

1990ರ ಸೆಪ್ಟೆಂಬರ್‌ನ ಒಂದು ಘಟನೆ ಅಮೆರಿಕದ ಆಟದ ಲೋಕದಲ್ಲಿ ಜನಪದ ಕತೆಯಷ್ಟು ಪ್ರಸಿದ್ಧ. ತುಂಬು ಗರ್ಭಿಣಿ ಪ್ಯಾಟ್ ಪುಟ್ಟ ವಿಮಾನವೇರಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಗೆ ಹೋದರು, ಮಿಶೆಲ್ ಮಾರ್ಸಿನಿಯಾಕ್ ಎಂಬ ಹೈಸ್ಕೂಲು ಹುಡುಗಿಯನ್ನು ತಂಡಕ್ಕೆ ಕರೆಯಲು. ಆ ಮನೆಯ ಸೋಫಾದ ಮೇಲೆ ಕೂತಿದ್ದಾಗಲೇ ನೆತ್ತಿನೀರು ಒಡೆಯಿತು. ಆದರೂ ಮಾತು ಮುಗಿಸಿಯೇ ಎದ್ದರು. ಹಿಂದಿರುಗುವಾಗ ನೋವು ಜೋರಾಯಿತು, ಪೈಲಟ್ ವರ್ಜೀನಿಯಾದಲ್ಲಿ ಇಳಿಸಿಬಿಡೋಣ ಎಂದ. ಪ್ಯಾಟ್ ಸುತರಾಂ ಒಪ್ಪಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ವರ್ಜೀನಿಯಾ ತಂಡ ಅವರನ್ನು ಸೋಲಿಸಿ, ತವರೂರು ನಾಕ್ಸ್‌ವಿಲ್‌ನಲ್ಲೇ ನಡೆಯಲಿದ್ದ ಕೊನೆಯ ನಾಲ್ವರ ಸುತ್ತಿಗೆ ಹೋಗದಂತೆ ಮಾಡಿತ್ತು. ವಿಮಾನ ನಾಕ್ಸ್‌ವಿಲ್‌ಗೇ ಬಂತು. ಮಗ ಟೈಲರ್ ಅಲ್ಲೇ ಹುಟ್ಟಿದ. ಮರುವರ್ಷದ ಫೈನಲ್‌ನಲ್ಲಿ ಅದೇ ವರ್ಜೀನಿಯಾವನ್ನು ಹೆಚ್ಚುವರಿ ಸಮಯದಲ್ಲಿ 70-67ರಿಂದ ಸೋಲಿಸಿದರು. ಮಾರ್ಸಿನಿಯಾಕ್ ಮೊದಲು ಬೇರೆ ಕಾಲೇಜು ಆರಿಸಿಕೊಂಡು ಆಮೇಲೆ ಟೆನೆಸ್ಸಿಗೆ ಬಂದಳು. 1996ರ ಪ್ರಶಸ್ತಿ ಗೆದ್ದಾಗ ಕೊನೆಯ ಸುತ್ತಿನ ಶ್ರೇಷ್ಠ ಆಟಗಾರ್ತಿ ಅವಳೇ.

1996, 1997, 1998: ಸಾಲಾಗಿ ಮೂರು ಪ್ರಶಸ್ತಿ. ನಡುವಿನದು 10 ಪಂದ್ಯ ಸೋತು ಎದ್ದು ಬಂದ ವರ್ಷ, ಕೊನೆಯದು 39 ಪಂದ್ಯದಲ್ಲಿ ಒಂದೂ ಸೋಲದ ವರ್ಷ. ಕನೆಕ್ಟಿಕಟ್ ತಂಡದೊಂದಿಗಿನ ಪೈಪೋಟಿ 1995ರಿಂದ ಹುಡುಗಿಯರ ಆಟವನ್ನು ಟೀವಿಯ ಮುಖ್ಯ ಹೊತ್ತಿಗೆ ತಂದಿತು. 53 ಜನ ನೋಡಿದ ತಂಡದ ಪಂದ್ಯಕ್ಕೆ 2006ರಲ್ಲಿ 24 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಅದೇ ವರ್ಷ ಅವರ ವಾರ್ಷಿಕ ಸಂಬಳ 10 ಲಕ್ಷ ಡಾಲರ್ ದಾಟಿತು. ಮಹಿಳಾ ತಂಡದ ಕೋಚ್‌ಗೆ ಅಷ್ಟು ಸಿಕ್ಕಿದ್ದು ಅದೇ ಮೊದಲು. ವಿಶ್ವವಿದ್ಯಾಲಯದ ಗಂಡಸರ ತಂಡಕ್ಕೆ ಕೋಚ್ ಆಗುತ್ತೀರಾ ಎಂದು ಕೇಳಿದಾಗ ಒಲ್ಲೆ ಎಂದರು. ಅದು ಬಡ್ತಿ ಎಂದು ಅವರಿಗೆ ಅನ್ನಿಸಲೇ ಇಲ್ಲ.

ನಮ್ಮ ರಾಜ್ಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್‌ಗೂ ಒಂದು ದೊಡ್ಡ ಸಂಜೆ ಇದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್. ಭಾರತದ ಮಹಿಳೆಯರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿದರು. ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಕರ್ನಾಟಕದಿಂದ ಭಾರತ ತಂಡದವರೆಗೆ ಬೆಳೆದವರು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಆಡಿದರು, ಅಂದರೆ ಸಮಿಟ್ ಅಂಥವರು ಕಟ್ಟಿದ ಕಾಲೇಜು ಲೋಕದೊಳಗೇ ನಮ್ಮ ಹುಡುಗಿಯೊಬ್ಬಳು ಕಾಲಿಟ್ಟಳು. ಕೊಡಗಿನ ಹೆಣ್ಣುಮಕ್ಕಳು ಕಲಿಸುವ ಕಡೆಗೂ ಬಂದಿದ್ದಾರೆ. ಅಶ್ವಿನಿ ನಾಚಪ್ಪ ಓಟ ಬಿಟ್ಟ ಮೇಲೆ ಗೋಣಿಕೊಪ್ಪ ಬಳಿ ಆಟಕ್ಕೂ ಪಾಠಕ್ಕೂ ಸಮಾನ ಜಾಗವಿರುವ ಶಾಲೆ ಕಟ್ಟಿದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿದ ಭಾರತ ಮಹಿಳಾ ಹಾಕಿ ತಂಡದ ಸಹಾಯಕ ಕೋಚ್ ಕೊಡಗಿನ ಅಂಕಿತಾ ಸುರೇಶ್. ಆ ಗೆಲುವಿನ ದಿನ ನಾವು ಗೋಲು ಹೊಡೆದವರ ಹೆಸರು ಹೇಳಿ ಕುಣಿದೆವು. ಬೆಂಚಿನಲ್ಲಿದ್ದ ನಮ್ಮೂರ ಕಡೆಯವರನ್ನು ಎಷ್ಟು ಜನ ಗುರುತಿಸಿದೆವು?

ಕಾಲೇಜು ಮಟ್ಟದಲ್ಲಂತೂ ಹುಡುಗಿಯರ ತಂಡ ನಿಲ್ಲುವುದು ಪಿ.ಡಿ. ಒಬ್ಬರ ಹಟದ ಮೇಲೆ. ಅಂತರ ಕಾಲೇಜು ಪಂದ್ಯಕ್ಕೆ ಹನ್ನೆರಡು ಮಕ್ಕಳನ್ನು ಹೊರಡಿಸಬೇಕೆಂದರೆ ಪ್ರಾಂಶುಪಾಲರ ಅನುಮತಿ, ಮನೆಯವರ ಒಪ್ಪಿಗೆ, ಟಿ.ಎ., ಡಿ.ಎ., ಉಳಿಯುವ ಜಾಗ ಎಲ್ಲಕ್ಕೂ ಅವರೇ ಓಡಾಡಬೇಕು. ವರ್ಗಾವಣೆಯಾಗಿ ಅವರು ಹೋದರೆ ತಂಡವೂ ಹೋದಂತೆ. ಟೆನೆಸ್ಸಿಯಲ್ಲಿ ಒಬ್ಬರು 38 ವರ್ಷ ನಿಂತರು, ನಿಲ್ಲಲು ಬಿಟ್ಟರು.

2011ರ ಆಗಸ್ಟ್ 23ರಂದು, 59ನೆಯ ವಯಸ್ಸಿನಲ್ಲಿ, ತಮಗೆ ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಅಲ್ಜೈಮರ್ಸ್ ಮಾದರಿಯ ಮರೆವಿನ ಕಾಯಿಲೆ ಇದೆ ಎಂದು ಪ್ಯಾಟ್ ಬಹಿರಂಗವಾಗಿ ಹೇಳಿದರು. ಆಟಗಾರ್ತಿಯರಿಗೆ ಮೊದಲು ತಾವೇ ತಿಳಿಸಿದರು. ಆ ಋತುವನ್ನು ಬಿಡಲಿಲ್ಲ. ದಿನದಿನದ ಕೆಲಸ ಬಹುಪಾಲು ಸಹಾಯಕಿ ಹಾಲಿ ವಾರ್ಲಿಕ್ ಕೈಗೆ ಹೋಯಿತು. ಎದುರಾಳಿ ಊರುಗಳ ಅಭಿಮಾನಿಗಳೂ ಬೆಂಬಲದ ಟೀಶರ್ಟ್ ತೊಟ್ಟು ಬಂದರು. 27 ಗೆಲುವು, 9 ಸೋಲು. ಕೊನೆಯ ಸೋಲು ಆ ವರ್ಷ ಒಂದೂ ಪಂದ್ಯ ಸೋಲದ ಬೇಲರ್ ತಂಡದೆದುರು. 2012ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು, ಅದೇ ವರ್ಷ ಒಬಾಮಾ ಅವರಿಂದ ದೇಶದ ಅತ್ಯುನ್ನತ ನಾಗರಿಕ ಗೌರವ ಪಡೆದರು. 2016ರ ಜೂನ್ 28ರಂದು, 64ನೆಯ ವಯಸ್ಸಿನಲ್ಲಿ ತೀರಿಕೊಂಡರು.

ವಾರ್ಲಿಕ್ ಹೊರಗಿನಿಂದ ಬಂದವರಲ್ಲ; 1976ರಿಂದ 1980ರವರೆಗೆ ಪ್ಯಾಟ್ ಕೈಕೆಳಗೇ ಆಡಿ, ಆಮೇಲೆ 27 ವರ್ಷ ಪಕ್ಕದಲ್ಲೇ ಕೂತು ಕೆಲಸ ಕಲಿತವರು. ಪ್ಯಾಟ್ ಕಲಿಸಿದವರಲ್ಲಿ ಅನೇಕರು ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಕೋಚ್ ಆದರು. 1,098 ಗೆಲುವಿನ ದಾಖಲೆ 2020ರ ಡಿಸೆಂಬರ್‌ನಲ್ಲಿ ಮುರಿಯಿತು; ಮುರಿದವರು ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್‌ವೀರ್, ಅವರೂ ಒಬ್ಬ ಮಹಿಳಾ ಕೋಚ್. ನಾಕ್ಸ್‌ವಿಲ್‌ನಲ್ಲಿ ಪ್ಯಾಟ್ ಹೆಸರಿನ ಅಂಕಣದಲ್ಲಿ ತಂಡ ನಡೆಸಲು 2024ರಲ್ಲಿ ನೇಮಕವಾದವರು ಕಿಮ್ ಕಾಲ್ಡ್‌ವೆಲ್. 2025ರ ಜನವರಿ 20ರಂದು, ಋತುವಿನ ನಡುವೆಯೇ, ಅವರಿಗೆ ಗಂಡುಮಗು ಹುಟ್ಟಿತು. ಒಂದೇ ಒಂದು ಪಂದ್ಯ ತಪ್ಪಿಸಿ ವಾರದೊಳಗೆ ಬೆಂಚಿಗೆ ಮರಳಿದರು, ಫೆಬ್ರುವರಿ 6ರಂದು ಹಳೆಯ ಎದುರಾಳಿ ಕನೆಕ್ಟಿಕಟ್ ತಂಡವನ್ನು 80-76ರಿಂದ ಸೋಲಿಸಿದರು.